ಬಲಗಾಲು ಕುಂಟುವ ಡ್ರೈವರುಗಳು

ಭಾಗ್ಯಾ, ನಿನಗೆ ಯಾದಗಿರಿಯಲ್ಲಿ ಡೀಸೆಲ್ ಮೆಕ್ಯಾನಿಕ್ ಕೋರ್ಸಿಗೆ ಸೀಟು ಸಿಕ್ಕಿತೆಂದು ನಿನ್ನ ಅವ್ವ ಫೋನ್ ಮಾಡಿದಾಗ ನಾನು ಹಂಚಿನ ಮೇಲಿನ ರೊಟ್ಟಿಯನ್ನು ಮರೆತೇಬಿಟ್ಟೆ. ಆಮೇಲೆ ನೀನು ಫೋನು ಇಸಿದುಕೊಂಡು ಕೇಳಿದ ಮೊದಲ ಮಾತು ನೆನಪಿದೆಯೇ? "ಆಯಿ, ನೀವು ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂಡಿಸಿದ್ರ ಮೈಲೇಜ್ ಎಷ್ಟ ಬರ್ತಿತ್ತು?" ರೊಟ್ಟಿ ಕರಕಾದ ವಾಸನೆಗಿಂತ ಆ ಪ್ರಶ್ನೆಗೆ ನಾನು ಹೆಚ್ಚು ಬೆಚ್ಚಿದೆ. ನಾನು ಶಹಾಪುರದ ಗ್ಯಾರೇಜಿಗೆ ಕಾಲಿಟ್ಟ ದಿನದಿಂದ ಬಿಟ್ಟ ದಿನದವರೆಗೂ ಬಂದವರೆಲ್ಲ ಕೇಳಿದ್ದು ಅದನ್ನೇ. ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದರಿಂದ ಏನಾಗುತ್ತಿತ್ತೆಂದು ನೆನೆದರೆ ಈ ವಯಸ್ಸಿನಲ್ಲೂ ನನಗೆ ಹೆದರಿಕೆಯಾಗುತ್ತದೆ.

ನಾನು ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. ಫೋನಿನಲ್ಲಿಯೂ ಎರಡು ಮಾತಿಗಿಂತ ಹೆಚ್ಚು ಆಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮಂದಿರಿಗೂ ಓದಿ ಹೇಳು.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಲಂಗದ ಹುಡುಗಿ. ನಮ್ಮ ಓಣಿಯ ಖುರ್ಷಿದ್ ಬೀ ತನ್ನ ಗಂಡನ ಗ್ಯಾರೇಜಿನಲ್ಲಿ ಸಾಮಾನು ತೊಳೆಯಲು ನನ್ನನ್ನು ಸೇರಿಸಿದಳು. ಗಂಡ ಎಂದರೆ ಮಹಬೂಬ್ ಉಸ್ತಾದ್. ಉದ್ದ ಮನುಷ್ಯ, ಬೈಯುವಾಗ ಉರ್ದು, ಸಮಾಧಾನ ಮಾಡುವಾಗ ಕನ್ನಡ. ಪೆಟ್ರೋಲ್ ಗಾಡಿಯ ಎದೆಬಡಿತವನ್ನು ದೂರದಿಂದ ಕೇಳಿಯೇ ರೋಗ ಹೇಳುತ್ತಿದ್ದ. ಆದರೆ ಆ ವರ್ಷಗಳಲ್ಲಿ ಪೆಟ್ರೋಲ್ ಗಾಡಿ ಯಾರಿಗೂ ಬೇಡವಾಗಿತ್ತು. ಸೈನ್ಯದ ಹರಾಜಿನಲ್ಲಿ ಹಸಿರು ಬಣ್ಣದ ಪೆಟ್ರೋಲ್ ಜೀಪುಗಳು ಸಿಗುತ್ತಿದ್ದವು. ನಾಲ್ಕೂ ಗಾಲಿ ತಿರುಗುವ ಜೀಪುಗಳು. ಮಳೆ ಬಿದ್ದ ಎರೆಹೊಲದಲ್ಲಿ, ಕಾಲುವೆಯ ಏರಿಯ ಮೇಲೆ, ಬಂಡೆಗಲ್ಲಿನ ದಾರಿಯಲ್ಲಿ ಬೇರೆ ಯಾವ ಗಾಡಿಯೂ ಹೋಗದ ಕಡೆ ಅವು ಹೋಗುತ್ತಿದ್ದವು. ಕುಡಿಯುವುದು ಮಾತ್ರ ವಿಪರೀತ. ಅದಕ್ಕೇ ಜನ ಅವನ್ನು ತಂದು, ಪೆಟ್ರೋಲ್ ಎಂಜಿನ್ ಇಳಿಸಿ, ಹಳೆಯ ಗಾಡಿಗಳ ಡೀಸೆಲ್ ಎಂಜಿನ್ ಕೂಡಿಸಿಕೊಂಡು ಹೋಗುತ್ತಿದ್ದರು. ಉಸ್ತಾದ್ ವಯಸ್ಸು ಮೀರಿದ ಮೇಲೆ ಡೀಸೆಲ್ ಕಲಿತ. ಕಲಿಸಲು ಯಾರೂ ಇರಲಿಲ್ಲ. ಬಿಚ್ಚಿ ಬಿಚ್ಚಿ ಕಲಿತ.

ಕಲಿಯುವುದೆಂದರೆ ಹೇಗಿತ್ತು ಕೇಳು. ನಾನು ಸೇರಿದ ಹೊಸತರಲ್ಲಿ ಒಂದು ಎಂಜಿನ್ನನ್ನು ಮೊದಲ ಸಲ ಚಾಲು ಮಾಡಿದರು. ಅದು ಗುಡುಗುಡು ಎಂದಿತು, ಆಮೇಲೆ ತಾನಾಗಿಯೇ ಏರುತ್ತಾ ಹೋಯಿತು. ಉಸ್ತಾದ್ ಚಾವಿ ತಿರುಗಿಸಿ ಬಂದ್ ಮಾಡಿದ. ಬಂದ್ ಆಗಲಿಲ್ಲ. ಚಾವಿಯನ್ನೇ ಕಿತ್ತು ಕೈಯಲ್ಲಿ ಹಿಡಿದ. ಎಂಜಿನ್ ಇನ್ನೂ ಜೋರಾಯಿತು. ಡೀಸೆಲ್ ನಳಿಗೆ ಬಿಚ್ಚಿದರೂ ನಿಲ್ಲಲಿಲ್ಲ. ಕೈಯಲ್ಲಿ ಚಾವಿ ಇದೆ, ಡೀಸೆಲ್ಲಿನ ದಾರಿ ಕಟ್ಟಾಗಿದೆ, ಆದರೂ ಅದು ಒದರುತ್ತಿದೆ. ಮೈಮೇಲೆ ಬಂದವರ ಹಾಗೆ. ತನ್ನ ಹೊಟ್ಟೆಯೊಳಗಿನ ಆಯಿಲನ್ನೇ ಎಳೆದುಕೊಂಡು ಸುಡುತ್ತಿತ್ತೆಂದು ಆಮೇಲೆ ತಿಳಿಯಿತು. ಎಲ್ಲರೂ ಹೊರಗೆ ಓಡಿದರು. ಸಾಮಾನು ತೊಳೆಯುತ್ತಿದ್ದ ನಾನು ಕೂತಲ್ಲೇ ಉಳಿದೆ. ಉಸ್ತಾದ್ ನನ್ನ ಕೆಳಗಿದ್ದ ಹಸಿ ಗೋಣಿಚೀಲ ಎಳೆದುಕೊಂಡು ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ತುರುಕಿದ. ಅದು ಗೋಣಿಯನ್ನು ಕಚ್ಚಿಕೊಂಡು, ನಡುಗಿ, ಉಸಿರುಗಟ್ಟಿ ನಿಂತಿತು. ಬಂದ್ ಮಾಡಿದ ಮೇಲೂ ನಿಲ್ಲದಿರುವ ವಸ್ತು ಇರಬಹುದೆಂದು ನಾನು ಎಂದೂ ಯೋಚಿಸಿರಲಿಲ್ಲ.

ಸಾಮಾನು ತೊಳೆಯುವವಳು ಬಾಟಲಿ ಹಿಡಿಯುವವಳಾದದ್ದು ಜಗಳದಿಂದ. ನಮ್ಮ ಕಡೆ ಮೈಲೇಜ್ ನೋಡುವ ಪದ್ಧತಿಯೇ ಬೇರೆ. ಟ್ಯಾಂಕಿನ ನಳಿಗೆ ಬಿಚ್ಚಿ, ಒಂದು ಲೀಟರ್ ಡೀಸೆಲ್ ತುಂಬಿದ ಬಾಟಲಿಗೆ ಜೋಡಿಸಿ, ಬಾಟಲಿಯನ್ನು ಎತ್ತಿ ಹಿಡಿದುಕೊಂಡು ಗಾಡಿ ಓಡಿಸುವುದು. ಬಾಟಲಿ ಬರಿದಾಗಿ ಎಂಜಿನ್ ಎಲ್ಲಿ ನಿಲ್ಲುತ್ತದೋ ಅದೇ ಲೆಕ್ಕ. ಬಾಟಲಿ ಹಿಡಿದವರು ಅಲುಗಾಡಿಸಿದರೆಂದು ಉಸ್ತಾದ್, ಕಡಿಮೆ ತುಂಬಿದರೆಂದು ಗಾಡಿಯವರು. ಪ್ರತಿ ಸಲ ಹೊಡೆದಾಟಕ್ಕೇ ಬರುತ್ತಿತ್ತು. ಒಂದು ದಿನ ಉಸ್ತಾದ್ ಸಿಟ್ಟಿನಲ್ಲಿ ನನ್ನತ್ತ ಕೈ ತೋರಿಸಿದ.

"ದೇವಮ್ಮ ಹಿಡೀಲಿ. ಈಕಿ ಬಾಯಿನೂ ಬಿಡಂಗಿಲ್ಲ, ಬಾಟ್ಲಿನೂ ಬಿಡಂಗಿಲ್ಲ."

ಎಲ್ಲರೂ ನಕ್ಕರು, ಒಪ್ಪಿದರು. ಅಂದಿನಿಂದ ಗಾಡಿ ಓಡಿಸುವ ಉಸ್ತಾದನ ಪಕ್ಕದ ಸೀಟಿನಲ್ಲಿ ಸೆರಗು ಬಿಗಿದುಕೊಂಡು, ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಬಾಟಲಿ ಹಿಡಿದು ಕೂರುವುದೇ ನನ್ನ ಕೆಲಸವಾಯಿತು. ರಸ್ತೆಯಲ್ಲಿ ನೋಡಿದ ಹೆಂಗಸರು ನನಗೆ ಸಲೈನ್ ಏರಿಸುತ್ತಿದ್ದಾರೆ ಎಂದುಕೊಂಡು ಪಾಪ ಅನ್ನುತ್ತಿದ್ದರು. ಪೆಟ್ರೋಲ್ ಇದ್ದಾಗ ಹತ್ತಿಗೂಡೂರು ಕ್ರಾಸ್ ಕಾಣುವ ಮೊದಲೇ ನಿಲ್ಲುತ್ತಿದ್ದ ಜೀಪು ಡೀಸೆಲ್ ಆದ ಮೇಲೆ ಕ್ರಾಸ್ ದಾಟಿ ಹೋಗಿಬಿಡುತ್ತಿತ್ತು. ದಾಟಿದ ಕೂಡಲೇ ಗಾಡಿಯವರು ಅಲ್ಲೇ ಚಹಾ ಹೇಳುತ್ತಿದ್ದರು. ಇನ್ನಷ್ಟು ದೂರ ಹೋಗಲೆಂದು ಉಸ್ತಾದ್ ಗಾಡಿಯ ತೂಕ ಇಳಿಸುತ್ತಾ ಹೋದ. ಹಿಂದಿನ ಕಬ್ಬಿಣದ ಬೆಂಚು ತೆಗೆದ. ಮುಂದಿನ ಗಾರ್ಡು ತೆಗೆದ. ಡೀಸೆಲ್ ಎಂಜಿನ್ನಿನ ಜೊತೆ ಬಂದ ಭಾರದ, ಹಳೆಯ ಡೈನಮೋ ತೆಗೆದು, ಪೆಟ್ರೋಲ್ ಎಂಜಿನ್ನಿನದೇ ಹಗುರಾದದ್ದನ್ನು ಕೂಡಿಸಿದ. ಹಳೆಯ ಡೈನಮೋ ಕಪಾಟಿಗೆ ಹೋಗುತ್ತಿತ್ತು. ಅದರ ಬೆನ್ನಿಗೆ ಅಂಗೈಯಗಲದ ಒಂದು ದುಂಡನೆಯ ಗಡ್ಡೆ ಇರುತ್ತಿತ್ತು. ಅದು ಏಕೆಂದು ಯಾರಿಗೂ ಗೊತ್ತಿರಲಿಲ್ಲ. ಲಾರಿಯ ಹಾರ್ನಿಗೆ ಇರಬೇಕು ಎಂದ ಉಸ್ತಾದ್, ಬಿಚ್ಚಿ ಬದಿಗೆ ಎಸೆದ. ಅವುಗಳಲ್ಲಿ ಮೂರನ್ನು ನಾನು ಕೇಳಿ ಮನೆಗೆ ಒಯ್ದೆ. ಗಾಳಿಗೆ ಹಾರದಿರಲೆಂದು ಎರಡನ್ನು ಚಾವಣಿಯ ತಗಡಿನ ಮೇಲೆ ಇಟ್ಟೆ, ಒಂದನ್ನು ಬಾಗಿಲಿಗೆ ಒತ್ತಾಗಿ ಇಟ್ಟೆ.

ಆ ವರ್ಷ ಖುರ್ಷಿದ್ ಬೀ ದಿನವೂ ಗಂಡನ ಬಲ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ವನದುರ್ಗದ ಅಯ್ಯಣ್ಣ ಜೀಪು ಒಯ್ದ ಕೆಲ ತಿಂಗಳಿಗೆ ಕಾಲೆಳೆಯುತ್ತಾ ಬಂದ. ಡೀಸೆಲ್ ಗಾಡಿಯ ಕಾವು ಕಾಲಿಗೆ ಹತ್ತುತ್ತದೆ, ವಾಯು ಹಿಡಿಯುತ್ತದೆ ಎಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ.

ಹೀಗಿರುವಾಗ ಸುರಪುರದ ಸಿದ್ರಾಮಪ್ಪನ ಜೀಪು ತಯಾರಾಯಿತು. ಅವನು ರಂಗಂಪೇಟೆಯ ಹೆಣ್ಣುಮಕ್ಕಳನ್ನು ಹತ್ತಿ ಬಿಡಿಸಲು ದೂರದ ಹೊಲಗಳಿಗೆ ಕರೆದೊಯ್ಯುವವ. ಮರುದಿನ ಬೆಳಿಗ್ಗೆಯೇ ಜೀಪು ತುಂಬ ಜನ ಕೂರಬೇಕಿತ್ತು. ಅಂದು ಬಾಟಲಿ ಹತ್ತಿಗೂಡೂರು ದಾಟಿ ಬಹಳ ದೂರ ಹೋಯಿತು. ಹಿಂದೆ ಕೂತು ಬಾಟಲಿಯನ್ನೇ ನೋಡುತ್ತಿದ್ದ ಸಿದ್ರಾಮಪ್ಪ ಖುಷಿಯಲ್ಲಿ ತಾನೇ ಸ್ಟೇರಿಂಗ್ ಹಿಡಿದ. ಟ್ಯಾಂಕಿನ ನಳಿಗೆ ಜೋಡಿಸಿಕೊಂಡು ಹಾಗೆಯೇ ಸುರಪುರಕ್ಕೆ ಹೊರಟೆವು, ಅವನ ಮನೆಯಲ್ಲಿ ಊಟ ಎಂದು. ನಾನು ಖಾಲಿ ಬಾಟಲಿ ಹಿಡಿದುಕೊಂಡು ಮುಂದೆ, ಉಸ್ತಾದ್ ಹಿಂದೆ.

ಸುರಪುರ ನಿನಗೆ ಗೊತ್ತಲ್ಲ, ಗುಡ್ಡಗಳ ನಡುವಿನ ಊರು. ಇಳಿಜಾರಿನ ಒಂದು ಓಣಿಗೆ ಜೀಪು ಇಳಿಯಿತು. ಕೆಳಗೆ ನೀರಿನ ತೊಟ್ಟಿ, ತೊಟ್ಟಿಯ ಮುಂದೆ ಕೊಡಗಳ ಸಾಲು, ಒಬ್ಬ ಹೆಂಗಸು ಬಗ್ಗಿ ನೀರು ತುಂಬುತ್ತಿದ್ದಳು. ಸಿದ್ರಾಮಪ್ಪ ಬ್ರೇಕ್ ಒತ್ತಿದ. ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎರಡೂ ಕಾಲಿಟ್ಟು ಸೀಟಿನಿಂದ ಎದ್ದು ನಿಂತ. ಜೀಪು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಮೂರ್ನಾಲ್ಕು ಕೊಡಗಳು ಚಪ್ಪಟೆಯಾದ ಸದ್ದು, ಆಮೇಲೆ ತೊಟ್ಟಿಗೆ ಜೀಪಿನ ಮೂತಿ ತಾಗಿದ ಸದ್ದು. ಆ ಹೆಂಗಸಿಗೂ ಜೀಪಿಗೂ ನಡುವೆ ಒಂದು ಕೊಡ ಹಿಡಿಸುವಷ್ಟು ಜಾಗ ಉಳಿದಿತ್ತು. ಬಂಪರಿನ ಮುಂದೆ ಅವಳ ಸೀರೆಯ ಸೆರಗು ಅಲ್ಲಾಡುತ್ತಿತ್ತು.

ಅವಳು ಚಪ್ಪಟೆಯಾದ ಕೊಡ ನೋಡಿದಳು, ಜೀಪು ನೋಡಿದಳು, ಸಿದ್ರಾಮಪ್ಪನನ್ನು ನೋಡಿದಳು.

"ಏನ್ ಮಾವಾ, ನೀರಿಗಿ ಪಾಳಿ ಹಚ್ಚಾಕ ಜೀಪ್ ತಂದಿಯೇನು?"

ಅಷ್ಟು ಹೇಳಿ ಅವಳು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕುಳಿತಳು. ನಾನು ಇಳಿದು ಹೋಗಿ ಅವಳ ಪಕ್ಕ ಕೂತೆ. ಆ ಬಾಟಲಿಯನ್ನು ಆಗಲೂ ಎತ್ತಿಯೇ ಹಿಡಿದಿದ್ದೆನಂತೆ. ಆಮೇಲೆ ಉಸ್ತಾದ್ ಹೇಳಿದ.

ಗಂಡಸರ ಜಗಳ ಶುರುವಾಯಿತು. ಉಸ್ತಾದ್ ಅವನಿಗೆ ಬ್ರೇಕ್ ಹಾಕಲು ಬರುವುದಿಲ್ಲವೆಂದ. ಸಿದ್ರಾಮಪ್ಪ ತನ್ನ ತೊಡೆ ತೋರಿಸಿ, ಇದಕ್ಕಿಂತ ಹೆಚ್ಚು ಒತ್ತಬೇಕಾದರೆ ಎತ್ತನ್ನೇ ತರಬೇಕೆಂದ. ಡೀಸೆಲ್ ಎಂಜಿನ್ ಭಾರ, ಬ್ರೇಕ್ ಸ್ವಲ್ಪ ಗಟ್ಟಿಯೇ ಇರುತ್ತದೆ, ನಮ್ಮ ಎಲ್ಲಾ ಗಾಡಿಗಳೂ ಹೀಗೇ ಇವೆ ಎಂದು ಉಸ್ತಾದ್ ತಾನೇ ಹತ್ತಿ ಒತ್ತಿ ತೋರಿಸಿದ. ಒತ್ತುವಾಗ ಮುಖ ಕಿವುಚಿ ಮೊಣಕಾಲು ಹಿಡಿದುಕೊಂಡ. ಬಲ ಮೊಣಕಾಲು.

ನಾನು ನೋಡುತ್ತಾ ಇದ್ದೆ. ಅಯ್ಯಣ್ಣನ ಕಾಲು ನೆನಪಾಯಿತು. ಎಣ್ಣೆಯ ಬಟ್ಟಲು ಹಿಡಿದ ಖುರ್ಷಿದ್ ಬೀ ನೆನಪಾದಳು. ಅಷ್ಟು ಜನರ ಎದುರು ನಾನು ಹೇಗೆ ಬಾಯಿ ತೆರೆದೆನೋ ಗೊತ್ತಿಲ್ಲ.

"ಉಸ್ತಾದ್ ಅಣ್ಣಾ, ಕಾವು ಹತ್ತೂದಾದ್ರ ಎರಡೂ ಕಾಲಿಗಿ ಹತ್ತಬೇಕಲ್ರಿ. ಎಲ್ಲಾರದೂ ಬಲಗಾಲೇ ಯಾಕ್ರಿ?"

ಅವನು ನನ್ನನ್ನು ಬೈಯಲಿಲ್ಲ. ಕೆಳಗಿಳಿದು ಬಾನೆಟ್ ಎತ್ತಿ ಒಳಗೆ ನೋಡಿದ. ಓಣಿಯ ತುದಿಯಲ್ಲಿ ಅದೇ ಜಾತಿಯ, ಇನ್ನೂ ಪೆಟ್ರೋಲಿನಲ್ಲೇ ಇದ್ದ ಒಂದು ಹಸಿರು ಜೀಪು ನಿಂತಿತ್ತು. ಅದರವನನ್ನು ಕೇಳಿ ಚಾಲು ಮಾಡಿಸಿದ. ಆ ಜೀಪುಗಳಲ್ಲಿ ಎಂಜಿನ್ನಿನಿಂದ ಬ್ರೇಕಿನ ಡಬ್ಬಿಗೆ ಒಂದು ರಬ್ಬರ್ ನಳಿಗೆ ಹೋಗುತ್ತದೆ. ಅದನ್ನು ಕಿತ್ತು ತುದಿಗೆ ಹೆಬ್ಬೆರಳು ಇಟ್ಟ. ನಳಿಗೆ ಬೆರಳನ್ನು ಕರು ಮೊಲೆ ಚೀಪಿದ ಹಾಗೆ ಎಳೆದುಕೊಂಡಿತು. ಆಮೇಲೆ ನಮ್ಮ ಜೀಪನ್ನೂ ಚಾಲು ಮಾಡಿ, ಅದರ ನಳಿಗೆ ಕಿತ್ತು ಬೆರಳಿಟ್ಟ. ಏನೂ ಇಲ್ಲ. ನನ್ನ ಕೈ ಹಿಡಿದು ನನ್ನ ಬೆರಳನ್ನೂ ಇಡಿಸಿದ. ಸತ್ತ ನಳಿಗೆ.

ವಿಷಯ ಇಷ್ಟೇ, ಭಾಗ್ಯಾ. ಪೆಟ್ರೋಲ್ ಎಂಜಿನ್ ಸಣ್ಣ ಗಂಟಲಿನಿಂದ ಗಾಳಿ ಕುಡಿಯುತ್ತದೆ, ಆದ್ದರಿಂದ ಅದರೊಳಗೆ ಸೆಳೆತ ಇರುತ್ತದೆ. ಆ ಸೆಳೆತವೇ ಬ್ರೇಕಿನ ಡಬ್ಬಿಯ ಮೂಲಕ ಡ್ರೈವರಿನ ಕಾಲಿಗೆ ಜೊತೆಯಾಗಿ ಬ್ರೇಕ್ ಒತ್ತುತ್ತದೆ. ಡೀಸೆಲ್ ಎಂಜಿನ್ ಬಾಯಿ ಪೂರ್ತಿ ತೆರೆದು ಕುಡಿಯುತ್ತದೆ, ಅಲ್ಲಿ ಸೆಳೆತವಿಲ್ಲ. ಗೋಣಿಚೀಲವನ್ನು ಅಂದು ಹಾಗೆ ಎಳೆದುಕೊಂಡಿತ್ತಲ್ಲ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, ಅಂದು ನಾವು ಅದರ ಬಾಯಿ ಮುಚ್ಚಿದ್ದೆವು ಎಂದ ಉಸ್ತಾದ್. ಹಾಗಾದರೆ ಡೀಸೆಲ್ ಗಾಡಿಗಳಲ್ಲಿ ಸೆಳೆತ ಎಲ್ಲಿಂದ ಬರುತ್ತದೆ? ಅವನೇ ಕೇಳಿಕೊಂಡ, ಅವನೇ ನೆಲದ ಮೇಲೆ ಕುಕ್ಕರಿಸಿದ.

"ದೇವಮ್ಮಾ, ಡೈನಮೋ ಹಿಂದಿನ ಗಡ್ಡಿ ಎಲ್ಲಿ ಅದಾವ?"

ಹಾರ್ನಿಗೆ ಎಂದುಕೊಂಡದ್ದು ಗಾಳಿ ಸೆಳೆಯುವ ಪಂಪಾಗಿತ್ತು. ಬ್ರೇಕಿಗೆಂದೇ ಇಟ್ಟದ್ದನ್ನು ನಾವು ಮೈಲೇಜಿಗಾಗಿ ಕಿತ್ತೆಸೆದಿದ್ದೆವು. ಊರೂರಿನ ಜನರನ್ನು ನಿಲ್ಲಿಸಬೇಕಾದ ವಸ್ತು ನನ್ನ ಮನೆಯ ತಗಡನ್ನು ಹಿಡಿದುಕೊಂಡು ಕೂತಿತ್ತು. ನಾನು ಹೇಳಿದೆ. ಹಳೆಯ ಜೀಪುಗಳಿಗೆ ಈ ಬ್ರೇಕಿನ ಡಬ್ಬಿಯೇ ಇರುತ್ತಿರಲಿಲ್ಲ, ಆದ್ದರಿಂದ ಅವುಗಳ ಚಿಂತೆ ಇರಲಿಲ್ಲ. ಡಬ್ಬಿ ಇದ್ದ ಜೀಪುಗಳನ್ನು ಉಸ್ತಾದ್ ಬೆರಳು ಮಡಚಿ ನೆನೆದ. ಇದು ಒಂದು. ವನದುರ್ಗದ್ದು ಒಂದು, ಕೊಡೇಕಲ್ಲಿನದು ಒಂದು, ಗುರುಮಠಕಲ್ಲಿನದು ಒಂದು.

"ಯಾ ಅಲ್ಲಾ, ಅವು ಈಗ ಎಲ್ಲಿ ಇಳಿಯಾಕತ್ತಾವೋ," ಎಂದ.

ನನ್ನ ಇಡೀ ಕೆಲಸದ ಬದುಕಿನಲ್ಲಿ ಅದಕ್ಕಿಂತ ಭಯ ಹುಟ್ಟಿಸಿದ ಮಾತನ್ನು ನಾನು ಕೇಳಿಲ್ಲ. ಅವನ ಕಣ್ಣ ಮುಂದೆ ಮೂರು ಇಳಿಜಾರುಗಳು ಇದ್ದವು. ನನ್ನ ಕಣ್ಣ ಮುಂದೆ ಮೂರು ನೀರಿನ ತೊಟ್ಟಿಗಳು.

ಸಿದ್ರಾಮಪ್ಪನ ಜೀಪನ್ನು ಅಲ್ಲೇ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿ ಬಸ್ಸಿನಲ್ಲಿ ಮರಳಿದೆವು. ಅದರ ಪಂಪು ಇನ್ನೂ ಗ್ಯಾರೇಜಿನ ಬೆಂಚಿನ ಮೇಲೆಯೇ ಇತ್ತು, ಒಯ್ದು ಕೂಡಿಸಿದೆವು. ರಂಗಂಪೇಟೆಯ ಹೆಣ್ಣುಮಕ್ಕಳು ಎರಡು ದಿನ ಕೂಲಿ ಬಿಟ್ಟು ಉಸ್ತಾದನಿಗೆ ಬೈದರು. ಅವನು ಕೆಲಸ ಮಾಡುತ್ತಲೇ ಬೈಸಿಕೊಂಡ. ನಾನು ತಗಡಿನ ಮೇಲಿನ ಪಂಪುಗಳನ್ನು ಇಳಿಸಿ, ಡೀಸೆಲ್ಲಿನಲ್ಲಿ ತೊಳೆದು ಕೊಟ್ಟೆ.

ವನದುರ್ಗದ ಅಯ್ಯಣ್ಣ ನಮ್ಮನ್ನು ಒಳಗೇ ಬಿಡಲಿಲ್ಲ. ಬ್ರೇಕ್ ಗಟ್ಟಿ ಇದ್ದರೆ ಗಾಡಿ ಗಟ್ಟಿ ಎಂದು ಅವನ ವಾದ. ಭಾರದ ಡೈನಮೋ ಹಾಕಿ ಮೈಲೇಜ್ ಇಳಿಸಲು ಬಂದಿದ್ದಾರೆ ಎಂದು ಅನುಮಾನ. ಬೆನ್ನಿಗೆ ಆಧಾರ ಸಿಗಲೆಂದು ಸೀಟಿನ ಹಿಂದೆ ಹಲಗೆ ಬಡಿದುಕೊಂಡಿದ್ದ, ಅದಕ್ಕೆ ಒರಗಿ ಒದ್ದರೆ ಬ್ರೇಕ್ ಹತ್ತುತ್ತದಂತೆ. ಅದನ್ನು ನಮಗೆ ಹೆಮ್ಮೆಯಿಂದ ತೋರಿಸಿದ. ಕೊನೆಗೆ ಅವನ ಹೆಂಡತಿ ಹೊರಗೆ ಬಂದಳು.

"ದಿನಾ ಇವನ ಕಾಲ ಒತ್ತಿ ಒತ್ತಿ ನನ್ನ ಕೈ ಸವದಾವ. ಮೈಲೇಜ್ ಹೋದ್ರ ಹೋಗಲಿ, ನನ್ನ ಕೈ ಉಳೀತಾವ. ಹಾಕ್ರಿ ಅಣ್ಣಾ."

ಹಾಕಿ ಮುಗಿದ ಮೇಲೆ ಅಯ್ಯಣ್ಣ ಓಡಿಸಿ ನೋಡಿದ. ರೂಢಿಯಂತೆ ಹಲಗೆಗೆ ಒರಗಿ ಒದ್ದ. ಜೀಪು ಗೋಡೆಗೆ ಬಡಿದ ಹಾಗೆ ನಿಂತಿತು. ಉಸ್ತಾದನ ಹಣೆ ಗಾಜಿಗೆ ಬಡಿದು ಬುಗುಟಿ ಎದ್ದಿತು. ಉಸ್ತಾದ್ ಬುಗುಟಿ ಸವರಿಕೊಳ್ಳುತ್ತಾ ನಕ್ಕ. ಆ ದಿನಗಳಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಕೊಡೇಕಲ್ಲಿನಲ್ಲಿ ಕಂಡದ್ದನ್ನು ಈಗಲೂ ನನ್ನಿಂದ ನಂಬಲಾಗುವುದಿಲ್ಲ. ಆ ಜೀಪು ಗುಡಿಗೆ ಬರುವ ಭಕ್ತರನ್ನು ಹೊರುತ್ತಿತ್ತು. ಡ್ರೈವರ್ ಬ್ರೇಕನ್ನೇ ಬಿಟ್ಟುಬಿಟ್ಟಿದ್ದ. ಹಿಂದೆ ಅವನ ಅಣ್ಣ, ನಡುವಯಸ್ಸಿನ ಮನುಷ್ಯ, ತೊಡೆಯ ಮೇಲೆ ಒಂದು ಕಲ್ಲು ಇಟ್ಟುಕೊಂಡು ಕೂರುತ್ತಿದ್ದ. ಜೀಪು ನಿಧಾನವಾದ ಕೂಡಲೇ ಹಾರಿ ಇಳಿದು ಗಾಲಿಯ ಮುಂದೆ ಕಲ್ಲು ಇಡುವುದು ಅವನ ಕೆಲಸ. ಭಕ್ತರು ಅವನಿಗೆ ಕಲ್ಲಪ್ಪ ಎಂದೇ ಹೆಸರಿಟ್ಟಿದ್ದರು. ಕಾಲು ನೋಯುವುದಿಲ್ಲವೇ ಎಂದು ಡ್ರೈವರನ್ನು ಕೇಳಿದರೆ, ಮೊದಲು ನೋಯುತ್ತಿತ್ತು, ಕಲ್ಲು ಬಂದ ಮೇಲೆ ಆರಾಮವಾಗಿದೆ ಎಂದ. ಜೀಪಿನೊಳಗೆ ಕೂಸನ್ನು ಎತ್ತಿಕೊಂಡ ಬಾಣಂತಿ ಕೂತಿದ್ದಳು. ಉಸ್ತಾದ್ ಆಗಲೇ ಆಕೆಯನ್ನು ಇಳಿಸಿ, ಅಲ್ಲೇ ಧೂಳಿನಲ್ಲಿ ಮಲಗಿ ಕೆಲಸ ಶುರು ಮಾಡಿದ. ಎರಡನೆಯ ಪಂಪು ಅಲ್ಲಿ ಹೋಯಿತು.

ಗುರುಮಠಕಲ್ಲಿಗೆ ಹೋದಾಗ ಉಸ್ತಾದ್ ನಾಲ್ಕನೆಯ ಡೈನಮೋವನ್ನು ಚೀಲದಲ್ಲಿ ಹೆಗಲಿಗೆ ಹಾಕಿಕೊಂಡಿದ್ದ, ನಾನು ಬಾಗಿಲಿನ ಪಂಪನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಜೀಪು ತಂದಿದ್ದವನ ಮನೆಯಲ್ಲಿ ಅವನ ತಾಯಿ ಇದ್ದಳು. ಮಾರಿ ಆಗಿದೆ, ಗಡಿಯ ಆಚೆ ಯಾರೋ ಒಯ್ದರು, ಹೆಸರು ಗೊತ್ತಿಲ್ಲ ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು. ಮಾರಿದ ಮಗ ಪುಣೆಯ ಕಡೆ ಕೆಲಸಕ್ಕೆ ಹೋಗಿದ್ದ, ಅವನಿಗೂ ಕೊಂಡವರ ಊರು ಗೊತ್ತಿರಲಿಲ್ಲ. ಒಳ್ಳೆಯ ಗಾಡಿಯಾಗಿತ್ತು, ಮೈಲೇಜ್ ನೋಡಿಯೇ ಒಯ್ದರು ಎಂದು ಆಕೆ ಅಭಿಮಾನದಿಂದ ಹೇಳಿದಳು. ಉಸ್ತಾದ್ ಆ ಮಾತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಗಡಿಯ ಆಚೆಯ ಊರುಗಳಲ್ಲಿ ತಿರುಗಿದೆವು. ಬಸ್ ಸ್ಟ್ಯಾಂಡು, ಚಹಾದಂಗಡಿ, ಪಂಕ್ಚರ್ ಅಂಗಡಿ. ಸಿಗಲಿಲ್ಲ. ಆಮೇಲೂ ಉಸ್ತಾದ್ ಬಿಡುವು ಸಿಕ್ಕಾಗಲೆಲ್ಲ ಆ ಚೀಲ ಹೊತ್ತು ಹೋಗುತ್ತಿದ್ದ. ಗ್ಯಾರೇಜಿಗೆ ಬಂದ ಲಾರಿಯವರಿಗೆ, ಕುರಿ ವ್ಯಾಪಾರಿಗಳಿಗೆ, ಕಲ್ಲಿನ ಗಾಡಿಯವರಿಗೆ ಹೇಳಿ ಕಳಿಸುತ್ತಿದ್ದ. ಜೀಪಿನ ಬಣ್ಣ ಬದಲಾಗಿರಬಹುದು, ನಂಬರ್ ಬದಲಾಗಿರಬಹುದು, ಗಾಡಿ ಹುಡುಕಬೇಡಿ ಎನ್ನುತ್ತಿದ್ದ.

"ಬಲಗಾಲ ಕುಂಟೋ ಡ್ರೈವರ್ ಕಂಡ್ರ ನನಗ ಹೇಳ್ರಿ."

ಎಷ್ಟೋ ಜನ ಬಂದು ಹೇಳಿದರು. ಒಬ್ಬನಿಗೆ ಪೋಲಿಯೋ, ಒಬ್ಬನಿಗೆ ಮುಳ್ಳು. ಪ್ರತಿ ಸಲ ಉಸ್ತಾದ್ ಹೋಗಿ ನೋಡಿ ಬಂದ. ಅದಾದ ಮೇಲೆ ನಮ್ಮ ಗ್ಯಾರೇಜಿನಲ್ಲಿ ಬಾಟಲಿ ಹಿಡಿಯುವ ಮೊದಲು ನಳಿಗೆಗೆ ಹೆಬ್ಬೆರಳು ಇಡುವುದು ಕಡ್ಡಾಯವಾಯಿತು, ಇಡುವವಳು ನಾನು. ನಳಿಗೆ ನನ್ನ ಬೆರಳನ್ನು ಸೆಳೆಯದೆ ಗಾಡಿ ಹೊರಗೆ ಹೋಗುವಂತಿರಲಿಲ್ಲ. ಪಂಪು ಕೂಡಿಸಿದ ಮೇಲೂ ಜೀಪುಗಳು ಹತ್ತಿಗೂಡೂರು ದಾಟಿಯೇ ಹೋದವು. ಸ್ವಲ್ಪ ಈಚೆಗೆ ನಿಂತವು, ಅಷ್ಟೇ. ನಾವು ಉಳಿಸಲು ಹೋದದ್ದು ಅಷ್ಟು ಚೂರನ್ನು.

ಈಗ ಉಸ್ತಾದ್ ಇಲ್ಲ, ಖುರ್ಷಿದ್ ಬೀ ಇಲ್ಲ. ಗ್ಯಾರೇಜಿನ ಜಾಗದಲ್ಲಿ ಟೈರಿನ ಅಂಗಡಿ ಇದೆ. ಮೊದಲಿನ ಹಾಗೆ ಎಂಜಿನ್ ಬದಲಿಸಿ ರಸ್ತೆಗೆ ಬಿಡಲು ಈಗ ಬಿಡುವುದಿಲ್ಲವಂತೆ. ರೋಗವನ್ನು ಪರದೆಯ ಮೇಲೆ ಓದುತ್ತಾರಂತೆ, ನೀನು ಹೇಳಿದೆ. ಒಳ್ಳೆಯದು, ಓದು. ಆದರೆ ಗಾಡಿಯಿಂದ ಏನನ್ನಾದರೂ ಬಿಚ್ಚಿ ಬದಿಗಿಡುವಾಗ, ಅದು ಯಾವುದನ್ನು ಹಿಡಿದು ನಿಲ್ಲಿಸಲು ಇತ್ತೆಂದು ತಿಳಿಯುವವರೆಗೆ ಆ ಗಾಡಿಯನ್ನು ಯಾರಿಗೂ ಕೊಡಬೇಡ. ಈ ಕೆಲಸ ಕಲಿಯಲು ಹೋಗಬೇಡ ಎಂದು ನಾನು ಹೇಳಬೇಕೆಂದು ನಿನ್ನ ಅವ್ವನ ಆಸೆ. ನಾನು ಹಾಗೆ ಹೇಳುವುದಿಲ್ಲ. ಹೋಗು.

ನಮ್ಮ ಬಾಗಿಲಿಗೆ ಒತ್ತಾಗಿ ಇರುವ ಆ ದುಂಡನೆಯ ಗಡ್ಡೆ ನಿನಗೆ ಗೊತ್ತು. ಅಂಬೆಗಾಲಿಡುವಾಗ ಅದಕ್ಕೇ ಬಡಿದು ನಿನ್ನ ಹಲ್ಲು ತುಟಿಗೆ ನೆಟ್ಟಿತ್ತು. ಹಾಳಾದ್ದನ್ನು ಎಸೆಯಿರಿ ಎಂದು ನಿನ್ನ ಅಪ್ಪ ಕೂಗಾಡಿದಾಗಲೂ ನಾನು ಏಕೆ ಎಸೆಯಲಿಲ್ಲವೆಂದು ಈಗ ನಿನಗೆ ತಿಳಿದಿರಬೇಕು. ಅದು ನಮ್ಮದಲ್ಲ, ಆ ಜೀಪಿನದು. ನಿನ್ನೆ ಅದನ್ನು ಡೀಸೆಲ್ಲಿನಲ್ಲಿ ತೊಳೆದು, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಬಂದಾಗ ಒಯ್ಯಿ. ಯಾದಗಿರಿಗೆ ಆ ಕಡೆಯ ಗಾಡಿಗಳು ಬರುತ್ತವೆ. ಹಳೆಯ ಜೀಪು ಕಂಡರೆ ಮೈಲೇಜ್ ಕೇಳಬೇಡ. ಡ್ರೈವರ್ ಇಳಿಯುವುದನ್ನು ನೋಡು.

ಬಾಗಿಲಿಗೆ ನಾನು ಒಂದು ಕಲ್ಲು ತಂದು ಇಟ್ಟಿದ್ದೇನೆ.